ಪಕ್ಕದ ಬೀದಿಯವರ ಕತೆಯನ್ನು ಲೈಬ್ರರಿಯಲ್ಲಿ ಹುಡುಕಿ ಓದೋದು ಹೇಗೆ?

ದಾವಣಗೆರೆಯಲ್ಲಿ ಇದ್ದುಕೊಂಡು ಮುಸ್ಲಿಮರು ಹೆಚ್ಚಿರುವ ಆಜಾದ್ ನಗರದ ಕಡೆ ಒಮ್ಮೆಯೂ ಹೋಗದವರು ಕಡಿಮೆ. ಲಂಬಾಣಿ ತಾಂಡಾಗಳೂ ದೂರ ಇಲ್ಲ, ಲಂಬಾಣಿಗಳ ಗುರು ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ನಮ್ಮ ಜಿಲ್ಲೆಯಲ್ಲೇ ಇದೆ. ಆದರೆ ಇವರ ಮನೆಯೊಳಗಿನ ಒಂದು ಕತೆ ಓದಿದ್ದೀರಾ ಅಂದರೆ ಸುಮಾರು ಜನ ತಲೆ ಕೆರೆದುಕೊಳ್ಳುತ್ತಾರೆ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂದಾಗ ಸ್ಟೇಟಸ್ ಹಾಕಿದವರಲ್ಲಿ ಎಷ್ಟು ಜನ ಅವರ ಕತೆ ಓದಿದ್ದರೋ! ಓದಬೇಕು ಅಂತ ಮನಸ್ಸಿದ್ದರೆ ದುಡ್ಡು ಖರ್ಚಿಲ್ಲದ ದಾರಿ ಇದೆ.

ಲೈಬ್ರರಿಗೆ ಹೋಗಿ 'ಮುಸ್ಲಿಂ ಕಾದಂಬರಿ ಇದೆಯಾ' ಅಂತ ಕೇಳಬೇಡಿ. ಧರ್ಮದ ಪುಸ್ತಕಗಳ ರ್‍ಯಾಕ್ ತೋರಿಸಿಬಿಡುತ್ತಾರೆ. ಬರೆದವರ ಹೆಸರು ಹಿಡಿದು ಕೇಳಿ. ಬಾನು ಮುಷ್ತಾಕ್, ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಶುರುವಿಗೆ ಈ ಮೂರು ಹೆಸರು ಸಾಕು. ಕಂಪ್ಯೂಟರಲ್ಲಿ ಹುಡುಕುವಾಗ ಮಾತ್ರ ಸ್ವಲ್ಪ ತಾಳ್ಮೆ ಬೇಕು, ಯಾಕೆಂದರೆ ಒಂದು ಕಡೆ ಅಬೂಬಕ್ಕರ್ ಅಂತಿದ್ದರೆ ಇನ್ನೊಂದು ಕಡೆ ಅಬೂಬಕರ್ ಅಂತಿರುತ್ತದೆ, ಮುಷ್ತಾಕ್ ಇದ್ದದ್ದು ಮುಸ್ತಾಕ್ ಆಗಿರುತ್ತದೆ. ಬರೀ 'ಸಾರಾ', ಬರೀ 'ಬಾನು' ಅಂತ ಹಾಕಿ ನೋಡಿ. ಸಣ್ಣ ಕತೆಗಳ ರ್‍ಯಾಕೂ ಬಿಡಬೇಡಿ, ಒಳ್ಳೆಯದು ಜಾಸ್ತಿ ಸಿಗೋದು ಅಲ್ಲೇ.

ಇಂಥ ಪುಸ್ತಕಗಳಿಗೆ ಬೇರೆಯೇ ರ್‍ಯಾಕ್ ಇಡಬೇಕು ಅನ್ನುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹುಡುಕಿಕೊಂಡು ಬಂದವರಿಗೆ ಸಲೀಸು, ನಿಜ. ಆದರೆ ಪತ್ತೇದಾರಿ ಕಾದಂಬರಿ ಬೇಕು ಅಂತ ಬಂದವರು ಅತ್ತ ತಿರುಗಿಯೂ ನೋಡುವುದಿಲ್ಲ. ಸಿಬ್ಬಂದಿ ಪರಿಚಯ ಇದ್ದರೆ, ವಾಪಸ್ ಬಂದ ಪುಸ್ತಕ ಇಡುವ ಮೇಜಿನ ಮೇಲೆ ಒಂದೆರಡು ಇಟ್ಟಿರಿ ಅಂತ ಹೇಳಿ. ಎಲ್ಲರೂ ಮೊದಲು ಕೈ ಹಾಕೋದು ಅಲ್ಲಿಗೇ ಅಲ್ವಾ.

ಇನ್ನು ಓದೋ ವಿಷಯ. ದಪ್ಪ ಕಾದಂಬರಿಯಿಂದ ಶುರು ಮಾಡಬೇಡಿ. ಬೊಳುವಾರರ 'ಸ್ವಾತಂತ್ರ್ಯದ ಓಟ'ಕ್ಕೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, ಒಳ್ಳೆಯ ಪುಸ್ತಕವೇ, ಆದರೆ ಅದರ ಗಾತ್ರ ನೋಡಿಯೇ ಕೆಳಗಿಟ್ಟುಬಿಡುತ್ತೀರಿ. ಮೊದಲು ಬಾನು ಅವರ 'ಕರಿ ನಾಗರಗಳು' ಕತೆ ಓದಿ. ಗಂಡ ಕೈಬಿಟ್ಟ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳಲು ಮಸೀದಿಗೆ ಬಂದು ಕೂತಿದ್ದಾಳೆ, ಕೂಸಿಗೆ ಕಾಯಿಲೆ, ನ್ಯಾಯ ಹೇಳಬೇಕಾದ ದೊಡ್ಡ ಮನುಷ್ಯರು ಇವತ್ತು ನಾಳೆ ಅಂತ ಮುಂದೂಡುತ್ತಿದ್ದಾರೆ. ಗಿರೀಶ್ ಕಾಸರವಳ್ಳಿ ಇದನ್ನೇ 'ಹಸೀನಾ' ಸಿನಿಮಾ ಮಾಡಿದರು. ಆಮೇಲೆ ಸಾರಾ ಅವರ 'ಚಂದ್ರಗಿರಿಯ ತೀರದಲ್ಲಿ' ಹಿಡಿಯಿರಿ, ಚಿಕ್ಕದು, ಕೂತರೆ ಮುಗಿಯುತ್ತದೆ.

ಓದುವಾಗ ಒಂದು ಚಟ ಬಿಡಬೇಕು. 'ಓಹೋ, ಇವರಲ್ಲಿ ಹೀಗಾ' ಅಂತ ಪ್ರತಿ ಪುಟಕ್ಕೂ ತೀರ್ಪು ಕೊಡೋದು. ಬೇರೆ ಕಾದಂಬರಿಯಲ್ಲಿ ಗಂಡ ಕೆಟ್ಟವನಾದರೆ ಆ ಗಂಡನನ್ನು ಬೈಯುತ್ತೇವೆ, ಇಲ್ಲಿ ಮಾತ್ರ ಇಡೀ ಸಮುದಾಯವನ್ನೇ ಬೈಯುತ್ತೇವೆ. ಬಾನು, ಸಾರಾ ಇಬ್ಬರೂ ತಮ್ಮವರನ್ನೇ ಎದುರು ಹಾಕಿಕೊಂಡು ಬರೆದವರು, ಹೊರಗಿನವರು ನಗಲಿ ಅಂತ ಬರೆದದ್ದಲ್ಲ. ಕರಾವಳಿಯ ಬ್ಯಾರಿ ಮುಸ್ಲಿಮರ ಮನೆಮಾತು ಬೇರೆ, ದಾವಣಗೆರೆ ಮುಸ್ಲಿಮರ ಮನೆಮಾತು ಬೇರೆ. ಹಾಗಾಗಿ ಕರಾವಳಿ ಕಡೆಯ ಸಾರಾ ಅವರ ಕಾದಂಬರಿ ಓದಿ ಪಕ್ಕದ ಮನೆಯವರನ್ನು ಪೂರ್ತಿ ಅರ್ಥ ಮಾಡಿಕೊಂಡೆ ಅಂದುಕೊಳ್ಳಬೇಡಿ. ಯಾವುದೋ ಶಾಸ್ತ್ರ ಅರ್ಥವಾಗದಿದ್ದರೆ ಪರಿಚಯದವರನ್ನೇ ಕೇಳಿ. ಸುಮ್ನೆ ಗೂಗಲ್ ಮಾಡೋದಕ್ಕಿಂತ ವಾಸಿ, ಚಹಾನೂ ಸಿಗಬಹುದು.

ಲಂಬಾಣಿ ಬದುಕಿನ ಕಾದಂಬರಿ ಹುಡುಕುವುದು ಇನ್ನೂ ಕಷ್ಟ. ಜಾನಪದದ ರ್‍ಯಾಕಿನಲ್ಲಿ ಹಾಡು, ಕತೆಗಳ ಸಂಗ್ರಹ ಸಿಗಬಹುದು. ಚೆನ್ನಾಗಿಯೇ ಇರುತ್ತವೆ, ಆದರೆ ಇವತ್ತಿನ ತಾಂಡಾದ ಹುಡುಗಿ ಏನು ಯೋಚಿಸುತ್ತಾಳೆ ಅನ್ನೋದು ಅದರಲ್ಲಿ ಇರಲ್ಲ. ಲಂಬಾಣಿಗಳಿಗೆ ಬಂಜಾರ ಅಕಾಡೆಮಿ, ಬ್ಯಾರಿಗಳಿಗೆ ಬ್ಯಾರಿ ಅಕಾಡೆಮಿ ಅಂತ ಸರ್ಕಾರದ್ದೇ ಸಂಸ್ಥೆಗಳಿವೆ, ಅವರ ಪ್ರಕಟಣೆ ತರಿಸಿಕೊಡಿ ಅಂತ ಲೈಬ್ರರಿಯಲ್ಲಿ ಕೇಳಿ.

ಕೇಳೋಕೆ ಸಂಕೋಚ ಬೇಡ. ಮನೆ ಕಂದಾಯದ ಜೊತೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಕಟ್ಟುತ್ತೀರಿ, 1965ರ ಗ್ರಂಥಾಲಯ ಕಾಯ್ದೆಯಡಿ ಬಂದದ್ದು ಅದು. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಬರೆದು ಕೊಡಿ. ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ಮೂರೂ ಇರಲಿ. ಒಬ್ಬರೇ ಬರೆದರೆ 'ಇವರದ್ದು ಇದ್ದದ್ದೇ' ಅಂತ ಆಗುತ್ತದೆ, ಹಾಗಾಗಿ ಗೆಳೆಯರಿಗೂ ಹೇಳಿ ಬೇರೆ ಬೇರೆ ದಿನ, ಬೇರೆ ಬೇರೆ ಕೈಬರಹದಲ್ಲಿ ಬರೆಸಿ.