ಬಾಲ್ಕನಿ ಕುಂಡದಲ್ಲಿ ಪಿಕಳಾರದ ಬಾಣಂತನ

ಕರಿಬೇವಿನ ಕುಂಡಕ್ಕೆ ನೀರು ಹಾಕಲು ಹೋದರೆ ಒಳಗಿಂದ ಪುರ್ರನೆ ಹಕ್ಕಿ ಹಾರುತ್ತದೆ. ಎಲೆ ಸರಿಸಿದರೆ ಪುಟ್ಟ ಬಟ್ಟಲಿನಂಥ ಗೂಡು: ಒಣಬೇರು, ತೆಂಗಿನ ನಾರು, ನಡುವೆ ಯಾರೋ ಎಸೆದ ಚಾಕೊಲೇಟ್ ಕಾಗದದ ಚೂರು. ಒಳಗೆ ಕೆಂಗಂದು ಚುಕ್ಕೆಯ ಎರಡೋ ಮೂರೋ ಮೊಟ್ಟೆ. ಹಕ್ಕಿಗೆ ಚೂಪು ಕರಿ ಜುಟ್ಟು, ಕೆನ್ನೆಯಲ್ಲಿ ಕೆಂಪು ಮಚ್ಚೆ ಇತ್ತೇ? ಹಾಗಾದರೆ ಅದು ಕೆಮ್ಮೀಸೆ ಪಿಕಳಾರ, ಅಂದರೆ ಬುಲ್‌ಬುಲ್. ಬೆಂಗಳೂರಿನ ಬಾಲ್ಕನಿಗಳಿಗೆ ಬೇಸಿಗೆಯಲ್ಲಿ ಹೇಳದೆ ಕೇಳದೆ ಬರುವ ಬಾಣಂತಿ.

ಮೊದಲ ಕೆಲಸ, ಸರಿಸಿದ ಎಲೆಯನ್ನು ಮೆಲ್ಲಗೆ ಬಿಟ್ಟುಬಿಡಿ. ಕತ್ತರಿಸಬೇಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಫೋಟೋ ಚೆನ್ನಾಗಿ ಬರಲಿ ಅಂತ ನಾನೊಮ್ಮೆ ಎರಡು ರೆಂಬೆ ಕತ್ತರಿಸಿದ್ದೆ. ಮರುದಿನ ಬೆಳಿಗ್ಗೆ ಗೂಡು ಖಾಲಿ, ಎದುರಿನ ಕಂಬಿ ಮೇಲೆ ಕಾಗೆ. ಎಲೆ ಮರೆಯೇ ಗೂಡಿನ ಬಾಗಿಲು. ಅದನ್ನು ನಾನೇ ಕಿತ್ತಿದ್ದೆ.

ಕುಂಡವನ್ನು ಇದ್ದಲ್ಲಿಂದ ಕದಲಿಸಬೇಡಿ. ನಾಲ್ಕಡಿ ಆಚೆ ಇಟ್ಟರೂ ತಾಯಿಗೆ ಗುರುತು ಸಿಗದೇ ಹೋಗಬಹುದು. ಮೊಟ್ಟೆ ಕೀಳುವುದು, ಗೂಡು ಕೆಡವುವುದಂತೂ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನೂ ಬೇಟೆಯ ಲೆಕ್ಕಕ್ಕೇ ಸೇರಿಸುತ್ತದೆ.

ಗಿಡ ಒಣಗುತ್ತಲ್ಲ ಅಂತ ಚಿಂತೆಯೇ? ಪೈಪು, ಶವರ್ ಬೇಡ. ಹಕ್ಕಿ ತಾನಾಗಿ ಎದ್ದುಹೋದಾಗ ಒಂದು ಚೊಂಬು ನೀರನ್ನು ಕುಂಡದ ಅಂಚಿಗೆ ನಿಧಾನವಾಗಿ ಬಿಟ್ಟು ಬಂದರೆ ಸಾಕು. ಗೊಬ್ಬರ, ಔಷಧಿ ಎಲ್ಲ ಆಮೇಲೆ. ಔಷಧಿ ಹೊಡೆದ ಹುಳವನ್ನೇ ಮರಿ ತಿನ್ನುವುದು, ಅಲ್ವಾ?

ಇನ್ನು ಕ್ಯಾಲೆಂಡರ್ ನೋಡಿ. ಕಾವಿಗೆ ಸುಮಾರು 12 ದಿನ, ಮರಿ ಗೂಡು ಬಿಡಲು ಹೆಚ್ಚುಕಡಿಮೆ ಅಷ್ಟೇ ದಿನ. ಒಟ್ಟು ಮೂರೂವರೆ ವಾರ ಬಟ್ಟೆ ಒಣಹಾಕಲು ಬೇರೆ ಜಾಗ ಹುಡುಕಿಕೊಳ್ಳಿ. ಮನೆಯಲ್ಲಿ ಬೆಕ್ಕಿದ್ದರೆ ಬಾಲ್ಕನಿ ಬಾಗಿಲು ಹಾಕಿಯೇ ಇರಲಿ. ಗೂಡಿನ ಹತ್ತಿರ ಅನ್ನ, ಕಾಳು ಇಡಬೇಡಿ. ಅದು ಕಾಗೆಯನ್ನು ಕರೆದು ಕೂರಿಸಿದಂತೆ.

ಮೊಟ್ಟೆ ಒಡೆದು ಮರಿ ಬಂದ ಮೇಲೆ ಕಿಟಕಿಯ ಒಳಗಿಂದಲೇ ನೋಡಿ. ಎಲೆ ಅಲ್ಲಾಡಿದರೆ ಸಾಕು, ಕಣ್ಣೇ ಬಿಡದ ಮೂರು ತಲೆಗಳು ಒಮ್ಮೆಲೇ ಎದ್ದು ಬಾಯಿ ತೆರೆಯುತ್ತವೆ. ಅಪ್ಪ ಅಮ್ಮ ಇಬ್ಬರೂ ಹುಳ ತಂದು ತುರುಕುತ್ತಾರೆ, ಆಮೇಲಾಮೇಲೆ ಹಣ್ಣು. ನಿಮ್ಮ ಹಾಲು, ಬ್ರೆಡ್ಡು ಅವಕ್ಕೆ ಬೇಡ.

ಮರಿ ಕೆಳಗೆ ಬಿದ್ದಿದ್ದರೆ ಮೊದಲು ಪುಕ್ಕ ನೋಡಿ. ಮೈ ಬೋಳಾಗಿದ್ದರೆ ಮೆತ್ತಗೆ ಎತ್ತಿ ಗೂಡಿಗೆ ಹಾಕಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸಲ್ಲ ಅನ್ನುವುದು ಸುಮ್ನೆ ಮಾತು. ಪುಕ್ಕ ಬಂದು, ಮೋಟುಬಾಲ ಬಿಟ್ಟುಕೊಂಡು ಕುಪ್ಪಳಿಸುತ್ತಿದ್ದರೆ ಅದು ಬಿದ್ದಿದ್ದಲ್ಲ, ಹಾರಲು ಕಲಿಯುತ್ತಿದೆ. ಬೆಕ್ಕು, ನಾಯಿ ಬಾರದಂತೆ ನೋಡಿಕೊಂಡು ನೀವು ಒಳಗೆ ಹೋಗಿ. ನೀವು ಅಲ್ಲೇ ನಿಂತಷ್ಟು ಹೊತ್ತೂ ತಾಯಿ ಹತ್ತಿರ ಬರಲ್ಲ.

ಎಲ್ಲ ಹಾರಿಹೋಗಿ ವಾರ ಕಳೆದರೂ ಯಾರೂ ಬರದಿದ್ದರೆ ಗೂಡು ತೆಗೆಯಬಹುದು. ನುಸಿ ಇರುತ್ತದೆ, ಕೈಗವಸು ಹಾಕಿಕೊಳ್ಳಿ. ಒಗ್ಗರಣೆಗೆ ಕರಿಬೇವು ಕೀಳುವುದೂ ಅವತ್ತಿನಿಂದಲೇ.