ಹಿಟ್ಟು ಬ್ಯಾಡ, ಜ್ವಾಳ ಕೊಡು: ಆಫೀಸ್‌ನಲ್ಲಿ ದಿನಸಿ ಕೂಡಿಸಿದ ನನ್ನ ಅನುಭವ

ನಂದು ಧಾರವಾಡ, ಕೆಲಸ ಪುಣೆಯ ಹಿಂಜೇವಾಡಿ ಫೇಸ್ 2ರಲ್ಲಿ. ಆಫೀಸ್ ಹಿಂದ್ಗಡೆ ಏಳ್ತಿದ್ದ ಬಿಲ್ಡಿಂಗ್ ಪಕ್ಕದ ತಗಡಿನ ಶೆಡ್‌ಗಳಲ್ಲಿ ಇರೋ ಕೂಲಿಯವ್ರೆಲ್ಲ ಕಲಬುರಗಿ, ಯಾದಗಿರಿ ಕಡೆಯವ್ರು ಅಂತ ಗೊತ್ತಾಗಿದ್ದು ಚಹಾ ಟಪರಿಯಲ್ಲಿ ಕನ್ನಡ ಕಿವಿಗೆ ಬಿದ್ದಾಗ.

ಅವ್ರಿಗೆ ಆಫೀಸ್‌ನೋರಿಂದ ದಿನಸಿ ಕೂಡಿಸಿ ಕೊಡೋಣ ಅಂತ ಮೊದಲ ಸಲ ದೀಪಾವಳಿಗೆ ಮಾಡಿದ್ದು ಪೂರ್ತಿ ಫೇಲ್. ರಿಸೆಪ್ಷನ್ ಹತ್ರ ದೊಡ್ಡ ಡಬ್ಬ ಇಟ್ಟು "ಏನಾದ್ರೂ ಹಾಕಿ" ಅಂತ ಬರೆದೆ, ಜನ ಏನೇನೋ ಹಾಕಿದ್ರು. ಓಟ್ಸ್, ಗ್ರೀನ್ ಟೀ, ಡೇಟ್ ಮುಗಿದ ಪಾಸ್ತಾ, ಒಬ್ಬ ಪುಣ್ಯಾತ್ಮ ಅರ್ಧ ಖಾಲಿ ಪ್ರೋಟೀನ್ ಪೌಡರ್ ಡಬ್ಬಿ. ತಗೊಂಡು ಹೋದ್ರೆ ಅರ್ಧ ಶೆಡ್ ಖಾಲಿ, ಹಬ್ಬಕ್ಕೆ ಊರಿಗೆ ಹೋಗಿದ್ರು!

ಮುಂದಿನ ಮೇ ತಿಂಗಳಲ್ಲಿ ಒಂದು ಭಾನುವಾರ ಮೊದ್ಲು ಹೋಗಿ ಕೇಳಿದೆ. ಮಳೆಗಾಲದಲ್ಲಿ ಕೆಲಸ ನಿಂತ್ರೆ ಹಾಜರಿ ಇಲ್ಲ, ಅಂದ್ರೆ ಕೂಲಿ ಇಲ್ಲ, ವಾರವಾರ ಖರ್ಚಿಗೆ ಅಂತ ಕೈಗೆ ಸಿಗೋ ದುಡ್ಡೂ ಕಮ್ಮಿ, ಆವಾಗ ಕೊಟ್ರೆ ಉಪಯೋಗ ಅಂತ ಅವ್ರ ಮುಕಾದಮ್ (ಮೇಸ್ತ್ರಿ) ಹೇಳಿದ್ರು. ಗೋಧಿ ಹಿಟ್ಟು ತರ್ಲಾ ಅಂದಿದ್ದಕ್ಕೆ ಒಲೆ ಮುಂದೆ ಕೂತಿದ್ದ ಆಯಿ ನಕ್ಕುಬಿಟ್ರು. "ಬ್ಯಾಡೋ ತಮ್ಮಾ, ಜ್ವಾಳ ಕೊಡು." ಜೋಳದ ಹಿಟ್ಟಿನ ಪ್ಯಾಕೆಟ್ ಸಿಗುತ್ತಲ್ಲ ಅಂದೆ. "ಹಿಟ್ಟ ಹಳೇದಾದ್ರ ಜಿಗಿ ಇರಂಗಿಲ್ಲ, ನೋಡಿಲ್ಲಿ" ಅಂತ ಬಡೀತಿದ್ದ ರೊಟ್ಟಿ ಅಂಚು ತೋರ್ಸಿದ್ರು, ಸುತ್ತ ಬಿರುಕು ಬಿಟ್ಟಿತ್ತು. ನಾನೂ ಜೋಳದ ರೊಟ್ಟಿ ತಿಂದೇ ಬೆಳೆದೋನು, ಆದ್ರೆ ಬಡಿಯೋರ ಕಷ್ಟ ಯಾವತ್ತು ಕೇಳಿದ್ದೆ?

ಸರಿ, 40 ಮನೆ. ಮನೆಗೆ 5 ಕಿಲೋ ಜೋಳ, 3 ಕಿಲೋ ಅಕ್ಕಿ, 1 ಕಿಲೋ ತೊಗರಿಬೇಳೆ, 1 ಲೀಟರ್ ಎಣ್ಣೆ, ಉಪ್ಪು, ಖಾರದ ಪುಡಿ, ಶೇಂಗಾ. ಈ ಸಲ ಡಬ್ಬ ಇಡ್ಲೇ ಇಲ್ಲ, ಒಂದೊಂದು ಟೀಮಿಗೆ ಒಂದೇ ಐಟಂ ಹಂಚಿದೆ, ಬೇಳೆ ಟೀಮಿನೋರು ಬೇಳೆ ಮಾತ್ರ, 40 ಪ್ಯಾಕೆಟ್ ಆದ್ರೆ ಅವ್ರ ಕೆಲಸ ಮುಗೀತು, ಆಮೇಲೆ ಎಣ್ಣೆ ಟೀಮ್ ಬೇಗ ಮುಗಿಸ್ತೋ ಉಪ್ಪಿನ ಟೀಮೋ ಅಂತ ಅವ್ರಲ್ಲೇ ಪೈಪೋಟಿ ಶುರುವಾಯ್ತು. ಜೋಳಕ್ಕೆ ಮಾತ್ರ ದುಡ್ಡು ಕೂಡಿಸಿ ಮಾರ್ಕೆಟ್ ಯಾರ್ಡ್‌ನಿಂದ 2 ಕ್ವಿಂಟಲ್ ಮಾಲದಂಡಿ ತಳಿಯ ಜೋಳ ತಂದ್ವಿ.

ಅಡ್ಮಿನ್‌ನೋರು ಇಲಿ ಬರುತ್ತೆ ಅಂತ ಗಲಾಟೆ ಮಾಡಿದ್ರು, ಅದೂ ನ್ಯಾಯವೇ, ಹಂಗಾಗಿ ಗುರುವಾರ ತಂದು ಶನಿವಾರ ಹೊರಗೆ ಅಂತ ಒಪ್ಪಿಸಿದೆ. ಗೇಟ್ ಪಾಸ್ ಮೊದ್ಲೇ ಮಾಡಿಸ್ಕೊಳ್ಳಿ, ನಾವು ಮರೆತು ಸೆಕ್ಯುರಿಟಿ ಹತ್ರ ಒಂದು ಗಂಟೆ ನಿಂತ್ವಿ. ಎಣ್ಣೆ ಪೌಚ್ ಮಾತ್ರ ಬೇರೆ ಬಕೆಟ್‌ನಲ್ಲಿ ಇಡಿ ಮಾರಾಯ್ರೆ, ಒಂದು ಒಡೆದು ಎರಡು ಮನೆ ಜೋಳ ಹಾಳಾಯ್ತು, ಮತ್ತೆ ಓಡ್ಬೇಕಾಯ್ತು.

ಈಗ ಆ ಶೆಡ್ ಇಲ್ಲ, ಬಿಲ್ಡಿಂಗ್ ಮುಗೀತು. ಮುಕಾದಮ್‌ಗೆ ಫೋನ್ ಮಾಡಿದ್ರೆ ಪುಣೆಯಲ್ಲೇ ರಾವೇತ್ ಕಡೆ ಇದ್ದೀವಿ, ಈಗ 55 ಮನೆ ಅಂದ್ರು. ಭಾನುವಾರ ಹೋಗಿ ಏನ್ ಬೇಕು ಅಂತ ಕೇಳ್ಕೊಂಡು ಬರ್ಬೇಕು.