ಬೀಗ ಹಾಕಿದ ಮನೆಯ ಹಿತ್ತಲಿಗೆ ಹುಳು ಬಿದ್ದಾಗ

ರಾಯಚೂರು, ಮಾನ್ವಿ, ಸಿಂಧನೂರು ಕಡೆಯ ಎಷ್ಟೋ ಮನೆಗಳಲ್ಲಿ ಹಿರಿಯರು ಮಕ್ಕಳಿದ್ದ ಊರಿಗೆ ಹೋದ ಮೇಲೆ ಹಿತ್ತಲಿನ ಗಿಡಮರಗಳನ್ನು ಕೇಳುವವರು ಇರುವುದಿಲ್ಲ. ನೀರಿಲ್ಲದೆ ಬೇಸಿಗೆ ಕಳೆದ ದಾಸವಾಳ, ಕರಿಬೇವು, ಪೇರಲ, ನಿಂಬೆ ಸಾಯದೆ ಉಳಿದಿದ್ದರೂ, ಬೀಗ ತೆಗೆದು ನೋಡುವ ಹೊತ್ತಿಗೆ ಎಲೆಗಳು ಅಂಟಾಗಿ, ಅವುಗಳ ಮೇಲೆ ಕಪ್ಪು ಬೂಷ್ಟು ಕೂತು, ಕುಡಿಗಳಲ್ಲಿ ಬಿಳಿ ಹಿಟ್ಟು ಮೆತ್ತಿಕೊಂಡಿರುತ್ತದೆ. ಇದನ್ನು ಕಂಡ ಕೂಡಲೇ ಔಷಧದ ಅಂಗಡಿಗೆ ಓಡಬೇಡಿ. ಒಣಗಿದ ಬುಡ, ಗಾಳಿಯಾಡದ ಟೊಂಗೆಗಳು ಮತ್ತು ಇರುವೆಗಳ ಸಾಲು ಹಾಗೇ ಇರುವ ತನಕ ಯಾವ ಔಷಧ ಹೊಡೆದರೂ ತಿಂಗಳೊಳಗೆ ಹುಳು ಮರಳಿ ಬರುತ್ತದೆ.

ಮೊದಲು ಇರುವೆಗಳ ಕಡೆ ನೋಡಿ. ಕುಡಿಗೆ ಬಿಳಿ ಹಿಟ್ಟಿನಂತೆ ಮೆತ್ತುವ ಹಿಟ್ಟು ತಿಗಣೆ, ಗಿಡಹೇನು, ಚಿಪ್ಪಿನಂತೆ ಅಂಟಿ ಕೂರುವ ಶಲ್ಕ ಕೀಟ ಇವೆಲ್ಲ ಗಿಡದ ರಸ ಹೀರಿ, ಹೆಚ್ಚಾದ ಸಿಹಿಯನ್ನು ಅಂಟುದ್ರವವಾಗಿ ಹೊರಹಾಕುತ್ತವೆ. ಎಲೆಯ ಮೇಲಿನ ಬೂಷ್ಟು ಬೆಳೆಯುವುದು ಆ ಅಂಟಿನ ಮೇಲೆಯೇ. ಅದರ ಆಸೆಗೆ ಬಂದ ಇರುವೆಗಳು, ತಿಗಣೆಗಳನ್ನು ತಿನ್ನುವ ಗುಲಗಂಜಿ ಹುಳುಗಳನ್ನೂ ಅವುಗಳ ಮೈಯೊಳಗೆ ಮೊಟ್ಟೆಯಿಟ್ಟು ಕೊಲ್ಲುವ ಸಣ್ಣ ಪರಾವಲಂಬಿ ಕಣಜಗಳನ್ನೂ ಓಡಿಸಿ ತಿಗಣೆಗಳಿಗೆ ಕಾವಲು ನಿಲ್ಲುತ್ತವೆ. ಆದ್ದರಿಂದ ಬುಡದಿಂದ ಒಂದು ಅಡಿ ಮೇಲೆ ನಾಲ್ಕು ಬೆರಳಗಲದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಅದರ ಮೇಲೆ ಗ್ರೀಸ್ ಸವರಬೇಕು. ತೊಗಟೆಗೆ ನೇರವಾಗಿ ಸವರಬಾರದು. ನಮ್ಮ ಧೂಳಿನ ಗಾಳಿಗೆ ಗ್ರೀಸಿನ ಮೇಲೆ ಮಣ್ಣು ಕೂತಿತೆಂದರೆ ಇರುವೆಗಳು ಅದರ ಮೇಲೆಯೇ ದಾಟಿಕೊಳ್ಳುತ್ತವೆ, ಹಾಗಾಗಿ ವಾರಕ್ಕೊಮ್ಮೆ ಒರೆಸಿ ಹೊಸದಾಗಿ ಹಚ್ಚಿ. ಪಟ್ಟಿ ಕಟ್ಟಿದರೂ ಇರುವೆ ಕಡಿಮೆಯಾಗಲಿಲ್ಲ ಎನ್ನುವವರ ಹಿತ್ತಲಿಗೆ ಹೋಗಿ ನೋಡಿದರೆ, ಕಾಂಪೌಂಡ್ ಗೋಡೆಗೆ ತಾಗಿದ ಒಂದು ಟೊಂಗೆ ಸಿಕ್ಕೇ ಸಿಗುತ್ತದೆ. ಸಾಲು ಗೋಡೆಯ ಮೇಲಿಂದ ಬಂದು ಆ ಟೊಂಗೆ ಹಿಡಿದು ಗಿಡಕ್ಕೆ ಇಳಿಯುತ್ತಿರುತ್ತದೆ.

ಅನಂತರ ಕತ್ತರಿ ಹಿಡಿಯಿರಿ. ಹಿಟ್ಟು ದಟ್ಟವಾಗಿ ಮೆತ್ತಿದ ಕುಡಿಗಳನ್ನೂ ಒಣ ಟೊಂಗೆಗಳನ್ನೂ ಮಾತ್ರ ತೆಗೆಯಿರಿ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಗಿಡವನ್ನು ಬೋಳು ಮಾಡಿದರೆ ತೊಗಟೆ ಸುಟ್ಟು ಸೀಳುತ್ತದೆ, ಆದ್ದರಿಂದ ದೊಡ್ಡ ಸವರುವಿಕೆಯನ್ನು ಮುಂಗಾರಿಗೆ ಬಿಡುವುದು ಒಳ್ಳೆಯದು. ಕತ್ತರಿಸಿದ ಕುಡಿಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕಿದರೆ ತಿಗಣೆಗಳು ನಡೆದುಕೊಂಡು ಮತ್ತೆ ಗಿಡ ಸೇರುತ್ತವೆ; ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬಿಸಿಲಿಗಿಟ್ಟರೆ ಒಳಗೇ ಸಾಯುತ್ತವೆ. ಸುತ್ತ ಬೆಳೆದ ಕಾಂಗ್ರೆಸ್ ಕಸವನ್ನು ಬೇರು ಸಮೇತ ಕೀಳಲೇಬೇಕು, ಏಕೆಂದರೆ ಹತ್ತಿಗೆ ಬೀಳುವ ಹಿಟ್ಟು ತಿಗಣೆ ಅದರ ಮೇಲೂ ದಾಸವಾಳದ ಮೇಲೂ ಅಷ್ಟೇ ಸುಖವಾಗಿ ಬದುಕುತ್ತದೆ.

ಬುಡಕ್ಕೆ ಪಾತಿ ಮಾಡಿ ನೀರು ಕೊಡಲು ಆರಂಭಿಸಿದ ಮೇಲೆ, ಎರಡು ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಪೈಪಿನ ಬಾಯಿಯನ್ನು ಬೆರಳಿನಿಂದ ಒತ್ತಿ ಹಿಡಿದು ಎಲೆಯ ಕೆಳಬದಿಗೆ ನೀರು ರಭಸವಾಗಿ ಬೀಳುವಂತೆ ಹೊಡೆಯಿರಿ. ಗಿಡಹೇನು ಬಹುಮಟ್ಟಿಗೆ ಇಷ್ಟಕ್ಕೇ ಹೋಗುತ್ತದೆ. ಉಳಿದ ತಿಗಣೆಗಳಿಗೆ ಬೇವಿನ ಬೀಜದ ಕಷಾಯ ಸಾಕು. ಒಂದು ಲೀಟರ್ ನೀರಿಗೆ 50 ಗ್ರಾಂ ಬೀಜದ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಚೆನ್ನಾಗಿ ಹಿಂಡಿ ಸೋಸಿ, ಎಲೆಗೆ ಹತ್ತಿಕೊಳ್ಳುವಂತೆ ಚೂರು ಸಾಬೂನು ಕರಗಿಸಬೇಕು. ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುವುದರಿಂದ ಅಂದೇ ಸಂಜೆ ಹೊಡೆದು ಮುಗಿಸಿ. ಬೀಜಕ್ಕೆ ಕಾಸು ಕೊಡಬೇಕಿಲ್ಲ. ಮುಂಗಾರಿನ ಹೊತ್ತಿಗೆ ರಸ್ತೆಯುದ್ದಕ್ಕೂ ಉದುರುವ ಹಣ್ಣನ್ನು ಆಯ್ದು, ತೊಳೆದು, ನೆರಳಿನಲ್ಲಿ ಒಣಗಿಸಿಟ್ಟರೆ ಬೇಸಿಗೆಯ ತನಕ ಬರುತ್ತದೆ.

ನಿಂಬೆ, ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಪ್ಪುಬಿಳುಪಿನ ಚೂರು ಇದ್ದರೆ ಬೆರಳಿನಿಂದ ಮುಟ್ಟಿ ನೋಡಿ. ಅದು ಅಲುಗಿದರೆ ನಿಂಬೆ ಚಿಟ್ಟೆಯ ಮರಿಹುಳು. ಬಲಿತ ಮೇಲೆ ಹಸಿರಾಗಿ ಎಲೆಯಲ್ಲೇ ಅಡಗುವುದರಿಂದ ಈ ಹಂತದಲ್ಲೇ ಆಯ್ದು ತೆಗೆಯುವುದು ಸುಲಭ. ನುಗ್ಗೆಯ ಕಂಬಳಿ ಹುಳುಗಳು ಹಗಲಿನಲ್ಲಿ ಕಾಂಡದ ಮೇಲೆ ಗುಂಪಾಗಿ ಕೂರುತ್ತವೆ. ಪಂಜಿನಿಂದ ಸುಡುವುದು ರೂಢಿಯಲ್ಲಿದ್ದರೂ ಅದರಿಂದ ತೊಗಟೆ ಬೇಯುತ್ತದೆ, ಗಟ್ಟಿ ಸಾಬೂನು ನೀರನ್ನು ನೇರ ಗುಂಪಿನ ಮೇಲೆ ಸುರಿಯುವುದು ಮೇಲು. ಬರಿಗೈಯಿಂದ ಮಾತ್ರ ಮುಟ್ಟಬೇಡಿ.

ಪೇರಲ, ದಾಳಿಂಬೆಗಳ ಕವಲುಗಳಲ್ಲಿ ಕಟ್ಟಿಗೆಯ ಪುಡಿಯೂ ಹಿಕ್ಕೆಯೂ ಬಲೆಯಲ್ಲಿ ಸೇರಿ ಪಟ್ಟಿಯಂತೆ ಜೋತಾಡುತ್ತಿದ್ದರೆ ತೊಗಟೆ ತಿನ್ನುವ ಹುಳು ಒಳಗಿದೆ ಎಂದರ್ಥ. ಅದು ಹಗಲಿಡೀ ರಂಧ್ರದಲ್ಲಿದ್ದು ರಾತ್ರಿ ಹೊರಬಂದು ಮೇಯುವುದರಿಂದ ಎಲೆಗೆ ಹೊಡೆದ ಯಾವ ಔಷಧವೂ ಅದಕ್ಕೆ ತಾಗುವುದಿಲ್ಲ. ಬಲೆಯನ್ನು ಕೆರೆದು, ರಂಧ್ರದೊಳಗೆ ತಂತಿ ಚುಚ್ಚಿ ಹುಳುವನ್ನು ಕೊಂದು, ಸೀಮೆಎಣ್ಣೆಯಲ್ಲಿ ಅದ್ದಿದ ಅರಳೆಯನ್ನು ತುರುಕಿ ಹಸಿ ಮಣ್ಣಿನಿಂದ ಬಾಯಿ ಮುಚ್ಚಿ.

ನಮ್ಮ ಭಾಗದಲ್ಲಿ ಹತ್ತಿ, ಮೆಣಸಿನಕಾಯಿ ಬೆಳೆಯುವ ಮನೆಗಳಲ್ಲಿ ಹೊಲಕ್ಕೆ ತಂದು ಉಳಿದ ಔಷಧದ ಬಾಟಲಿ ಇದ್ದೇ ಇರುತ್ತದೆ. ಅದನ್ನು ಹಿತ್ತಲಿಗೆ ತರಲೇಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವನ್ನು ತರಕಾರಿಗೆ ಬಳಸುವುದನ್ನು ಸರಕಾರ 2005ರಲ್ಲೇ ನಿಷೇಧಿಸಿದೆ. ದಿನಾ ಒಗ್ಗರಣೆಗೆ ಕಿತ್ತುಕೊಳ್ಳುವ ಕರಿಬೇವಿಗೆ ಅಂಥದ್ದನ್ನು ಹೊಡೆಯುವುದು ಮನೆಮಂದಿಗೆ ವಿಷ ಬಡಿಸಿದಂತೆ. ನಮಗೆ ನೆರವಾಗುವ ಕಣಜಗಳೂ ಅದರಿಂದಲೇ ಮೊದಲು ಸಾಯುತ್ತವೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ದಕ್ಷಿಣದ ರಾಜ್ಯಗಳಲ್ಲೆಲ್ಲ ಹರಡಿದಾಗ ಅದನ್ನು ಹತೋಟಿಗೆ ತಂದದ್ದು 2010ರಲ್ಲಿ ಹೊರದೇಶದಿಂದ ತರಿಸಿ ಬಿಟ್ಟ ಪುಟ್ಟ ಕಣಜವೇ.

ಇಷ್ಟೆಲ್ಲ ಮಾಡಿದರೂ ಹಳೆಯ ಮಾವಿನ ಮರವೊಂದು ಟೊಂಗೆ ಟೊಂಗೆಯಾಗಿ ಒಣಗುತ್ತಾ, ಕಾಂಡದ ಬುಡದಲ್ಲಿ ಕಟ್ಟಿಗೆಯ ಪುಡಿ ಸುರಿಯುತ್ತಿದ್ದರೆ, ಕೊಡಲಿಯ ಹಿಂಬದಿಯಿಂದ ತಟ್ಟಿ ನೋಡಿ. ಸದ್ದು ಟೊಳ್ಳಾಗಿ ಬಂದರೆ ಕಾಂಡ ಕೊರಕ ದುಂಬಿಯ ಮರಿಹುಳು ಒಳಗೆಲ್ಲ ಹರಡಿರುತ್ತದೆ, ಆ ಮರ ಉಳಿಯುವುದಿಲ್ಲ. ಅದನ್ನು ರೋಹಿಣಿ ಮಳೆಗೂ ಮೊದಲೇ ಕಡಿಸಿ, ಕಟ್ಟಿಗೆಯನ್ನು ಹಿತ್ತಲಿನಲ್ಲಿ ಒಟ್ಟದೆ ಸುಟ್ಟುಬಿಡಿ. ಮುಂಗಾರು ಹಿಡಿದ ಮೇಲೆ ಅದರೊಳಗಿನ ದುಂಬಿಗಳು ಹೊರಬಂದು ಪಕ್ಕದ ಮನೆಯ ಮಾವಿಗೆ ಮೊಟ್ಟೆಯಿಡುತ್ತವೆ.